ಖಾದಿ ಭಂಡಾರಗಳು

ಕೈಯಿಂದ ನೂತ ನೂಲನ್ನು ಕೈಮಗ್ಗದಲ್ಲಿ ನೇಯ್ದ ಬಟ್ಟೆಯನ್ನೂ ಜೇನು, ಸಾಬೂನು, ಊದುಬತ್ತಿಯಂಥ ಗ್ರಾಮೋದ್ಯೋಗದ ಸರಕನ್ನೂ ಮಾರಲು ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಹುಟ್ಟಿದ ಮಳಿಗೆಗಳ ಜಾಲ. ಇದಕ್ಕೆ ಒಬ್ಬ ಮಾಲೀಕನಿರಲಿಲ್ಲ. ಊರಿಗೊಂದು ಸಂಘ, ಸಂಘಕ್ಕೊಂದು ಅಂಗಡಿ. ಆದರೂ ಗಿರಾಕಿಯ ಕಣ್ಣಿಗೆ ಇದು ಒಂದೇ ಸರಪಳಿ: ಎಲ್ಲ ಕಡೆ ಒಂದೇ ಬಗೆಯ ಹಲಗೆ, ಒಂದೇ ಬಗೆಯ ಬಿಳುಪು, ಚೌಕಾಸಿಗೆ ಎಡೆಯಿಲ್ಲದ ದರ, ಗಾಂಧಿ ಜಯಂತಿಗೆ ರಿಬೇಟು. ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿ ಈ ಜಾಲ ಎರಡು ಬಗೆಯ ಗುರುತು ಬಿಟ್ಟಿದೆ. ಪೇಟೆಗಳಲ್ಲಿ ಅಂಗಡಿಯ ನೆನಪು ಉಳಿದಿದೆ. ಬಾಗಲಕೋಟೆಯಿಂದ ಲೋಕಾಪುರದ ದಾರಿಯಲ್ಲಿ ಹನುಮಪ್ಪನ ಜಾತ್ರೆಗೆ ಹೆಸರಾದ ತುಳಸಿಗೇರಿಯಲ್ಲಿ ಮಗ್ಗವೇ ಉಳಿದಿದೆ. ದೇಶದ ಕಟ್ಟಡಗಳ ಮೇಲೆ ಹಾರುವ ಖಾದಿ ಧ್ವಜಗಳಿಗೆ ಅಲ್ಲಿ ಬಟ್ಟೆ ನೇಯುತ್ತಾರೆ.

ಈ ಜಾಲದ ಮೂಲ ವ್ಯಾಪಾರದಲ್ಲಿ ಇಲ್ಲ, ವರ್ಗಣಿಯಲ್ಲಿದೆ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನ ನಡೆಯಿತು. ಅವರು ಅಧ್ಯಕ್ಷರಾದ ಅಧಿವೇಶನ ಅದೊಂದೇ. ಕಾಂಗ್ರೆಸ್ ಸದಸ್ಯನಾಗಬೇಕಾದವನು ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ನಿಯಮವನ್ನು ಅಲ್ಲಿ ಒಪ್ಪಲಾಯಿತು. ತಾನೇ ನೂಲಲಾಗದವನು ಬೇರೆಯವರಿಂದ ನೂಲಿಸಿ ಕೊಡಬಹುದಿತ್ತು. ನಿಯಮ ಹೆಚ್ಚು ದಿನ ಬಾಳಲಿಲ್ಲ, ಮರುವರ್ಷವೇ ಸಡಿಲವಾಯಿತು. ಆದರೆ ನೂಲಿನ ರಾಶಿ ಬಂದು ಬಿದ್ದಿತ್ತು. ಆ ನೂಲನ್ನು ನೇಯಿಸುವವರು ಯಾರು, ನೇಯ್ದದ್ದನ್ನು ಮಾರುವವರು ಯಾರು? 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಹುಟ್ಟಿದ ಅಖಿಲ ಭಾರತ ಚರಕ ಸಂಘ ಈ ಪ್ರಶ್ನೆಯನ್ನು ಹೆಗಲಿಗೆ ಹಾಕಿಕೊಂಡಿತು. ಅಂದರೆ ಈ ವ್ಯಾಪಾರದಲ್ಲಿ ಸರಕು ಮೊದಲು ಬಂತು, ಗಿರಾಕಿಯನ್ನು ಆಮೇಲೆ ಹುಡುಕಲಾಯಿತು. ಮುಂದಿನ ನೂರು ವರ್ಷದ ಏಳುಬೀಳಿನ ಬೀಜ ಇಲ್ಲೇ ಬಿತ್ತೆಂದು ಹೇಳಿದರೆ ತಪ್ಪಾಗದು.

ಕರ್ನಾಟಕದಲ್ಲಿ ಖಾದಿಯ ಕೆಲಸಕ್ಕೆ ಬೆನ್ನೆಲುಬಾದವರು ಗಂಗಾಧರರಾವ್ ದೇಶಪಾಂಡೆ. ‘ಕರ್ನಾಟಕದ ಖಾದಿ ಭಗೀರಥ’ ಎಂದು ಜನ ಅವರನ್ನು ಕರೆದರು. ಬೆಳಗಾವಿ ಹತ್ತಿರದ ಹುದಲಿಯನ್ನು ಅವರು ಖಾದಿಯ ಊರನ್ನಾಗಿ ಮಾಡಿದರು. 1937ರ ಏಪ್ರಿಲ್‌ನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕೆ ಬಂದ ಗಾಂಧೀಜಿ ಅಲ್ಲಿ ತಂಗಿದ್ದರು. ದಕ್ಷಿಣದಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳು ಕೇಂದ್ರ 1927ರಲ್ಲಿ ಆರಂಭವಾಯಿತು. ಅದೇ ವರ್ಷ ಜುಲೈನಲ್ಲಿ, ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು ಇಳಿದುಬಂದ ಗಾಂಧೀಜಿ ಬೆಂಗಳೂರಿನ ಖಾದಿ ಪ್ರದರ್ಶನವನ್ನು ಉದ್ಘಾಟಿಸಿದರು.

ಬಾಗಲಕೋಟೆ ಸೀಮೆಗೆ ಮಗ್ಗ ಹೊಸದಲ್ಲ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ರಬಕವಿ-ಬನಹಟ್ಟಿಯ ನೇಕಾರಿಕೆ ಖಾದಿಗಿಂತ ಬಹಳ ಹಳೆಯವು. ಇಷ್ಟು ನೇಕಾರರಿರುವ ನಾಡಿನಲ್ಲಿ ಖಾದಿ ತಾನಾಗಿಯೇ ಬೇರೂರಬೇಕಿತ್ತಲ್ಲ ಎಂದು ಹೊರಗಿನವರು ಕೇಳುತ್ತಾರೆ. ಉತ್ತರ ನೂಲಿನಲ್ಲಿದೆ. ಕೈಮಗ್ಗದ ಬಟ್ಟೆ ಬೇರೆ, ಖಾದಿ ಬೇರೆ: ಮೊದಲನೆಯದಕ್ಕೆ ಗಿರಣಿಯ ನೂಲು ನಡೆಯುತ್ತದೆ, ಎರಡನೆಯದಕ್ಕೆ ನೂಲೂ ಕೈಯದೇ ಆಗಿರಬೇಕು. ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಎಳೆಗೂ ಸೆರಗಿನ ರೇಷ್ಮೆ ಹಾಸಿನ ಎಳೆಗೂ ಕೊಂಡಿ ಹಾಕಿ ಕೂಡಿಸುತ್ತಾರೆ. ದಪ್ಪ ಒಂದು ಕಡೆ, ತೆಳುವು ಇನ್ನೊಂದು ಕಡೆ ಇರುವ ಕೈನೂಲು ಅಂಥ ಕೆಲಸಕ್ಕೆ ಒಗ್ಗದು. ಎಳೆ ಕಡಿದಷ್ಟೂ ಸಲ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತಷ್ಟೂ ಹೊತ್ತು ಕೂಲಿ ನಿಲ್ಲುತ್ತದೆ. ಹೀಗಾಗಿ ಕುಲಕಸುಬಿನ ನೇಕಾರ ಖಾದಿಯಿಂದ ದೂರವೇ ಉಳಿದ. ಖಾದಿ ನೆಲೆಯೂರಿದ್ದು ಬೇಸಾಯದ ಹಳ್ಳಿಗಳಲ್ಲಿ, ಹೊಲದ ಕೆಲಸವಿಲ್ಲದ ತಿಂಗಳುಗಳಲ್ಲಿ ಮನೆಯ ಹೆಣ್ಣುಮಕ್ಕಳ ಕೈಯಲ್ಲಿ.

ಸ್ವಾತಂತ್ರ್ಯದ ನಂತರ ಚಳವಳಿ ಇಲಾಖೆಯಾಯಿತು. 1953ರಲ್ಲಿ ಅಖಿಲ ಭಾರತ ಖಾದಿ ಮತ್ತು ಗ್ರಾಮೋದ್ಯೋಗ ಮಂಡಳಿ ಬಂತು, 1956ರ ಕಾಯ್ದೆಯಂತೆ 1957ರ ಏಪ್ರಿಲ್‌ನಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಬಂತು. ಅದೇ 1957ರ ನವೆಂಬರ್ 1ರಂದು, ಕರ್ನಾಟಕ ಒಂದಾಗಿ ಸರಿಯಾಗಿ ಒಂದು ವರ್ಷವಾದ ದಿನ, ಹುಬ್ಬಳ್ಳಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಸ್ಥಾಪನೆಯಾಯಿತು. ವೆಂಕಟೇಶ ಮಾಗಡಿ ಅಧ್ಯಕ್ಷರು, ಶ್ರೀರಂಗ ಕಾಮತ್ ಉಪಾಧ್ಯಕ್ಷರು. ಬೇರೆ ಬೇರೆ ಜಿಲ್ಲೆಗಳ ಐವತ್ತಕ್ಕೂ ಹೆಚ್ಚು ಸಂಸ್ಥೆಗಳು ಇದರಡಿ ಸೇರಿದವು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಅದರ 17 ಎಕರೆ ಆವರಣದಲ್ಲಿ ಬಣ್ಣಗಾರಿಕೆ, ಬಡಗಿ ಕೆಲಸ, ಜವಳಿ ರಸಾಯನ ಶಾಸ್ತ್ರ ಕಲಿಸುವ ವಿದ್ಯಾಲಯ ಎಲ್ಲವೂ ಬೆಳೆದವು.  

ಖಾದಿ ಅಂಗಡಿಯ ಒಳಗು ಈಗ ನಲವತ್ತು ದಾಟಿದವರಿಗೆಲ್ಲ ಕಣ್ಣಿಗೆ ಕಟ್ಟಿದಂತಿರುತ್ತದೆ. ಗಾಜಿನ ಬಾಗಿಲಿನ ಕಟ್ಟಿಗೆ ಕಪಾಟು. ಒಳಗೆ ಒಂದರ ಮೇಲೊಂದು ಅಟ್ಟಿಯಾದ ಧೋತರ, ಪಂಚೆ, ಜಮಖಾನೆ, ಹಾಸಿಗೆ ಹೊದಿಕೆ. ಮೂಲೆಯಲ್ಲಿ ಕಂಬಳಿ, ಅದರ ಪಕ್ಕ ಬೇವಿನ ಸಾಬೂನಿನ ಘಮಲು. ಟೊಪ್ಪಿಗೆ ಹಾಕಿದ ಗುಮಾಸ್ತರು ಮೀಟರ್ ಕಡ್ಡಿಯಿಂದ ಅಳೆದು, ಅಳತೆಯ ಮೇಲೆ ನಾಲ್ಕು ಬೆರಳು ಬಿಟ್ಟು, ಕತ್ತರಿಯಿಂದ ಒಂದು ಕಚ್ಚು ಹಾಕಿ ಬಟ್ಟೆಯನ್ನು ಪರ್ರನೆ ಹರಿಯುತ್ತಿದ್ದರು. ಕಾರ್ಬನ್ ಹಾಳೆ ಇಟ್ಟು ಬರೆದ ರಸೀದಿಯಲ್ಲಿ ಒಟ್ಟು ಮೊತ್ತದ ಕೆಳಗೆ ರಿಬೇಟಿನದು ಬೇರೆ ಸಾಲು. ‘ಚಲೋ ಬಣ್ಣದ್ದು ಏನರೆ ಅದಾವೇನ್ರಿ?’ ಎಂದು ಕೇಳಿದರೆ ‘ಅವೇ ಅದಾವ ನೋಡ್ರಿ’ ಎಂಬ ಉತ್ತರ. ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿರುತ್ತಿತ್ತು. ಬೇವೂರಿನಂಥ ಹಳ್ಳಿಯಿಂದ ಬಸ್ಸು ಹಿಡಿದು ಬಾಗಲಕೋಟೆ ಪೇಟೆಗೆ ಬಂದ ಮೇಷ್ಟ್ರು ಸಂಜೆ ತನಕ ಕಾಯಬೇಕು, ಇಲ್ಲವೇ ಪಕ್ಕದ ಅಂಗಡಿಯ ಟೆರಿಕಾಟ್ ಕೊಂಡು ಊರಿಗೆ ಮರಳಬೇಕು. ಬಹಳ ಮಂದಿ ಎರಡನೆಯದನ್ನೇ ಮಾಡಿದರು.

ಟೆರಿಕಾಟ್ ಖಾದಿಯನ್ನು ಕೊಂದಿತೆಂಬ ಮಾತು ಅರ್ಧ ಸತ್ಯ. ಇಸ್ತ್ರಿ ಬೇಡದ, ಬೇಗ ಒಣಗುವ, ವರ್ಷಗಟ್ಟಲೆ ಹರಿಯದ ಅರಿವೆ ಕೈಗೆಟಕುವ ಬೆಲೆಗೆ ಸಿಕ್ಕಾಗ ಜನ ಅದನ್ನು ಉಟ್ಟರು, ನಿಜ. ಆದರೆ ಯಾವ ಅಂಗಡಿಯೂ ಎದುರಿಗೆ ಹೊಸ ಸರಕು ಬಂದಿತೆಂಬ ಒಂದೇ ಕಾರಣಕ್ಕೆ ಮುಚ್ಚುವುದಿಲ್ಲ. ಖಾದಿ ಅಂಗಡಿಯ ಲೆಕ್ಕವೇ ಬೇರೆಯಾಗಿತ್ತು. ಇಲ್ಲಿ ಬೆಲೆಯನ್ನು ಪೇಟೆ ಗೊತ್ತುಮಾಡುತ್ತಿರಲಿಲ್ಲ, ವೆಚ್ಚದ ಪಟ್ಟಿ ಗೊತ್ತುಮಾಡುತ್ತಿತ್ತು: ನೂಲಲು ಹದಮಾಡಿದ ಹತ್ತಿಯ, ಅಂದರೆ ಹಂಜಿಯ, ಬೆಲೆ ಇಷ್ಟು, ನೂಲುವ ಕೂಲಿ ಇಷ್ಟು, ನೇಯುವ ಕೂಲಿ ಇಷ್ಟು, ಸಂಘದ ಖರ್ಚು ಇಷ್ಟು ಎಂದು ಕೂಡಿಸಿ ಬಂದದ್ದೇ ದರ. ಎಷ್ಟು ನೂಲಬೇಕೆಂಬುದನ್ನೂ ಗಿರಾಕಿ ಹೇಳುತ್ತಿರಲಿಲ್ಲ. ಎಷ್ಟು ಜನರಿಗೆ ಕೆಲಸ ಬೇಕೋ ಅಷ್ಟು ನೂಲು. ಕೆಲಸ ಕೊಡುವುದೇ ಉದ್ದೇಶವಾದ ಸಂಸ್ಥೆಗೆ ಇದು ಸಹಜ, ಮಾನವೀಯ ಕೂಡ. ಆದರೆ ಹೀಗೆ ತಯಾರಾದ ಬಟ್ಟೆ ವರ್ಷವಿಡೀ ಕಪಾಟು ಸೇರುತ್ತ ಹೋಗುತ್ತಿತ್ತು. ಹೆಚ್ಚುವರಿ ದಾಸ್ತಾನು ಈ ವ್ಯಾಪಾರದಲ್ಲಿ ಎಲ್ಲೋ ಒಮ್ಮೆ ಆಗುವ ಅವಘಡವಾಗಿರಲಿಲ್ಲ. ಅದು ಏರ್ಪಾಡಿನಲ್ಲೇ ಇತ್ತು.

ಆ ದಾಸ್ತಾನನ್ನು ಕರಗಿಸುತ್ತಿದ್ದದ್ದು ರಿಬೇಟು. ಕೇಂದ್ರದ್ದೂ ರಾಜ್ಯದ್ದೂ ಸೇರಿ ಕೆಲವು ವರ್ಷ ಶೇ 30ರಿಂದ 35ರವರೆಗೆ ರಿಯಾಯಿತಿ ಸಿಗುತ್ತಿತ್ತು. ಅಕ್ಟೋಬರ್ 2 ಬಂತೆಂದರೆ ಅಂಗಡಿಯ ಮುಂದೆ ಸಾಲು. ರಿಬೇಟು ಇರುವ ದಿನಗಳಲ್ಲಿ ವ್ಯಾಪಾರ, ಇಲ್ಲದ ದಿನಗಳಲ್ಲಿ ನೊಣ ಹೊಡೆಯುವ ಕೆಲಸ. ತಿಳಿದ ಗಿರಾಕಿ ಮೇ ತಿಂಗಳಲ್ಲಿ ಅಂಗಿ ಬಟ್ಟೆ ನೋಡಿ ಇಟ್ಟು, ಅಕ್ಟೋಬರಿಗೆ ಬಂದು ಕೊಳ್ಳುತ್ತಿದ್ದ. ಸಂಘದ ಕಷ್ಟ ಬೇರೆ. ಗಿರಾಕಿಗೆ ಬಿಟ್ಟ ರಿಬೇಟಿನ ಹಣ ಸರ್ಕಾರದಿಂದ ಬರಬೇಕು. ಅದು ಬರುವ ಹೊತ್ತಿಗೆ ಮುಂದಿನ ಹಂಗಾಮಿನ ಹಂಜಿ ಕೊಳ್ಳುವ ಸಮಯ ಮೀರಿರುತ್ತಿತ್ತು. ನಡುವಿನ ತಿಂಗಳುಗಳಿಗೆ ಬ್ಯಾಂಕಿನ ಸಾಲ. ಆ ಸಾಲದ ಬಡ್ಡಿಗೆ ಮತ್ತೊಂದು ಸಬ್ಸಿಡಿ, ಅದಕ್ಕೊಂದು ಪ್ರಮಾಣಪತ್ರ. ಖಾದಿ ಸಂಘದ ಕಾರ್ಯದರ್ಶಿ ಗಿರಾಕಿಯ ಮುಖ ನೋಡುವುದಕ್ಕಿಂತ ಕಡತದ ಮುಖ ನೋಡುವುದೇ ಹೆಚ್ಚಾದರೆ ಅದಕ್ಕೆ ಅವನನ್ನು ದೂರುವುದು ಕಷ್ಟ.

2010ರಲ್ಲಿ ಈ ಪದ್ಧತಿ ಬದಲಾಯಿತು. ಮಾರಾಟದ ಮೇಲಿನ ರಿಬೇಟಿನ ಬದಲು ಉತ್ಪಾದನೆಯ ಮೌಲ್ಯದ ಶೇ 20ರಷ್ಟನ್ನು ಮಾರುಕಟ್ಟೆ ಅಭಿವೃದ್ಧಿ ನೆರವು ಎಂದು ಕೊಡುವುದು, ಅದರಲ್ಲಿ ಕಾಲುಭಾಗ ನೇರ ನೂಲುವವರಿಗೂ ನೇಯುವವರಿಗೂ ಸೇರುವುದು ಹೊಸ ಏರ್ಪಾಡು. ಅಂಗಡಿ ತನಗೆ ತೋಚಿದಾಗ ರಿಯಾಯಿತಿ ಕೊಡಬಹುದು, ಹಣವನ್ನು ಅಂಗಡಿಯ ಚೆಂದಕ್ಕೂ ಹಾಕಬಹುದು. ಕಾಗದದ ಮೇಲೆ ಇದು ಮೊದಲಿನದಕ್ಕಿಂತ ವಿವೇಕದ ಯೋಜನೆ. ಆದರೆ ಐವತ್ತು ವರ್ಷ ಅಕ್ಟೋಬರಿಗಾಗಿ ಕಾಯಲು ಕಲಿತ ಗಿರಾಕಿಯನ್ನೂ, ಕಾಯಿಸಲು ಕಲಿತ ಅಂಗಡಿಯನ್ನೂ ಒಂದು ಸುತ್ತೋಲೆ ಬದಲಿಸುವುದಿಲ್ಲ.

ಹೆಚ್ಚುವರಿ ದಾಸ್ತಾನಿನಿಂದ ಹುಟ್ಟಿದ ಅಂಗಡಿ ಎಂಬುದು ನಮ್ಮಲ್ಲಿ ಮಾತ್ರದ ವಿಚಿತ್ರವಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೇನೆಯಲ್ಲಿ ಡೇರೆ, ಮಲಗುಚೀಲ, ಬೂಟು, ಮಳೆಯಂಗಿಗಳ ಗುಡ್ಡವೇ ಉಳಿದಿತ್ತು. 1952ರಲ್ಲಿ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಎಡ್ವರ್ಡ್ ಓರ್ಕ್ನಿ ಎಂಬಾತ ಡೇರೆಯೊಂದನ್ನು ಹಾಕಿ ಅಂಥ ಸರಕು ಮಾರತೊಡಗಿದ. ಅದೇ ‘ಜಿ.ಐ. ಜೋಸ್’. ಸೇನೆಯ ದಾಸ್ತಾನು ಬತ್ತುತ್ತ ಬಂದಂತೆ ಅದು ಮೀನುಗಾರಿಕೆ, ಚಾರಣ, ಆಟೋಟ, ಮೋಟಾರು ಬಿಡಿಭಾಗಗಳಿಗೆ ಹೊರಳಿ ಮೂವತ್ತರ ಸುಮಾರು ಮಳಿಗೆಗಳಾಗಿ ಬೆಳೆಯಿತು. 2007ರಲ್ಲಿ ಹೂಡಿಕೆ ಸಂಸ್ಥೆಯೊಂದರ ಕೈಸೇರಿ, ಹಳೆಯ ಹೆಸರು ಕತ್ತರಿಸಿಕೊಂಡು ಬರೀ ‘ಜೋಸ್’ ಆಯಿತು. 2009ರಲ್ಲಿ ದಿವಾಳಿ ಎದ್ದು ಮುಚ್ಚಿತು. ನಮ್ಮ ಕಡೆ ಚೆನ್ನೈಯ ದಿನಸಿ ಅಂಗಡಿ ಸರಪಳಿ ‘ಸುಭಿಕ್ಷಾ’ 1997ರಲ್ಲಿ ಶುರುವಾಗಿ 2008ರ ಹೊತ್ತಿಗೆ 1,600 ಮಳಿಗೆಗಳಾಗಿ, ಸಾಲದ ಭಾರಕ್ಕೆ 2009ರ ಮೊದಲ ತಿಂಗಳುಗಳಲ್ಲೇ ಕುಸಿಯಿತು. ಇವೆರಡೂ ಬಿದ್ದದ್ದು ಸದ್ದು ಮಾಡಿ. ಖಾದಿ ಭಂಡಾರ ಹಾಗೆ ಬೀಳಲಿಲ್ಲ. ಮುಚ್ಚುವ ತೀರ್ಮಾನ ಮಾಡಲು ಮಾಲೀಕನೇ ಇಲ್ಲದ ಅಂಗಡಿ ಅದು. ಗುಮಾಸ್ತರು ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಎರಡು ಬಾಗಿಲಲ್ಲಿ ಒಂದು ತೆರೆಯುವುದು ನಿಂತಿತು.

ವಿಚಿತ್ರವೆಂದರೆ, ಇದೇ ಹೊತ್ತಿಗೆ ‘ಖಾದಿ’ ಎಂಬ ಹೆಸರಿಗೆ ಪೇಟೆಯಲ್ಲಿ ಬೆಲೆ ಬಂತು. 2013ರಲ್ಲಿ ‘ಖಾದಿ ಮಾರ್ಕ್’ ಗುರುತಿನ ನಿಯಮಗಳು ಜಾರಿಯಾದವು. ತನ್ನ ಒಪ್ಪಿಗೆಯಿಲ್ಲದೆ ಆ ಹೆಸರು ಬಳಸಿತೆಂದು ಆಯೋಗ 2018ರಲ್ಲಿ ಫ್ಯಾಬ್‌ಇಂಡಿಯಾ ಕಂಪನಿಯಿಂದ 525 ಕೋಟಿ ರೂಪಾಯಿ ಪರಿಹಾರ ಕೇಳಿತು. ಮುಂಬಯಿಯಲ್ಲಿ 1954ರಿಂದ ನಡೆಯುತ್ತಿದ್ದ, ದೇಶದ ಹೆಸರಾಂತ ಖಾದಿ ಎಂಪೋರಿಯಂನ ಪ್ರಮಾಣಪತ್ರವನ್ನೇ, ಖಾದಿಯಲ್ಲದ ಬಟ್ಟೆ ಮಾರಿತೆಂಬ ಆರೋಪದ ಮೇಲೆ 2022ರಲ್ಲಿ ರದ್ದುಮಾಡಿತು. ಅಂಕಿಗಳೂ ಏರಿದವು: 2023–24ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಸರಕಿನ ಒಟ್ಟು ಮಾರಾಟ 1.55 ಲಕ್ಷ ಕೋಟಿ ರೂಪಾಯಿ ಎಂದು ಆಯೋಗ ಪ್ರಕಟಿಸಿತು. ಆದರೆ ಅದರಲ್ಲಿ ಖಾದಿ ಬಟ್ಟೆಯದು ಸುಮಾರು 6,500 ಕೋಟಿ, ನೂರಕ್ಕೆ ನಾಲ್ಕರ ಆಸುಪಾಸು. ಉಳಿದದ್ದು ಗ್ರಾಮೋದ್ಯೋಗದ ಸರಕು. ಭಂಡಾರದ ಕಪಾಟಿನ ಮೂಲೆಯಲ್ಲಿದ್ದ ಸಾಬೂನು ಈಗ ಯಜಮಾನನಾಗಿದೆ.

ಸರ್ಕಾರದ ಹಂಗಿಲ್ಲದೆ ಇದೇ ಕೆಲಸ ಮಾಡಿ ತೋರಿಸುವ ಯತ್ನವೂ ಕರ್ನಾಟಕದಲ್ಲಿ ನಡೆಯಿತು. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1990ರ ದಶಕದಲ್ಲಿ ಬೆಳೆದ ‘ಚರಕ’ ಮಹಿಳಾ ಸಹಕಾರ ಸಂಘ ಸಹಜ ಬಣ್ಣದ ಕೈಮಗ್ಗದ ಉಡುಪು ತಯಾರಿಸಿತು; ಅದನ್ನು ಮಾರಲು ‘ದೇಸಿ’ ಅಂಗಡಿಗಳು ನಗರಗಳಲ್ಲಿ ತೆರೆದವು. ಜುಬ್ಬಾ ಎಂದರೆ ದೇಸಿ ಜುಬ್ಬಾ ಎನ್ನುವಷ್ಟು ಅವು ಓದುಬರಹದ ಮಂದಿಗೆ ಒಗ್ಗಿದವು. ಭಂಡಾರಗಳು ಮಾಡದಿದ್ದ ಕೆಲಸವನ್ನು, ಎಂದರೆ ಬಟ್ಟೆಯನ್ನು ಹೊಲಿದು ಅಳತೆಗೆ ತಕ್ಕ ಉಡುಪಾಗಿ ಮಾರುವುದನ್ನು, ಅವು ಮಾಡಿದವು. 2015ರ ಏಪ್ರಿಲ್‌ನಲ್ಲಿ ಪಾಳುಬಿದ್ದಿದ್ದ ಬದನವಾಳು ಕೇಂದ್ರದಲ್ಲಿ ಪ್ರಸನ್ನ ಅವರ ಮುಂದಾಳತ್ವದಲ್ಲೇ ಸತ್ಯಾಗ್ರಹ, 2017ರಲ್ಲಿ ಕೈಉತ್ಪನ್ನಗಳ ಮೇಲಿನ ಜಿಎಸ್‌ಟಿ ವಿರುದ್ಧ ಕರ ನಿರಾಕರಣೆ ನಡೆದವು. ಕೋವಿಡ್ ಬಂದು ಅಂಗಡಿಗಳು ಮುಚ್ಚಿದಾಗ ಬಟ್ಟೆ ರಾಶಿ ಬಿತ್ತು. 2020ರ ಆಗಸ್ಟಿನಲ್ಲಿ ಚರಕ ದಿವಾಳಿಯಾಗಿದೆಯೆಂದು ಪ್ರಸನ್ನ ಅವರೇ ಬಹಿರಂಗವಾಗಿ ಸಾರಿದರು. ದಾಸ್ತಾನಿನ ಭೂತ ಅವರನ್ನೂ ಬಿಡಲಿಲ್ಲ.

ಇಡೀ ಜಾಲದಲ್ಲಿ ಗಿರಾಕಿ ಗಟ್ಟಿಯಾಗಿದ್ದ ಸರಕು ಒಂದೇ, ರಾಷ್ಟ್ರಧ್ವಜ. ಅದು ಖಾದಿಯದೇ ಆಗಿರಬೇಕೆಂದು ನಿಯಮವಿತ್ತು. ಹುಬ್ಬಳ್ಳಿಗಿಂತ ಮೊದಲೇ ಧಾರವಾಡ ತಾಲ್ಲೂಕಿನ ಗರಗದಲ್ಲಿ ಧ್ವಜದ ಬಟ್ಟೆ ನೇಯುತ್ತಿದ್ದರು. ಬೆಂಗೇರಿಯ ಸಂಘ 2004ರಲ್ಲಿ ಧ್ವಜ ಘಟಕ ತೆರೆದು, 2006ರಲ್ಲಿ ಭಾರತೀಯ ಮಾನಕ ಬ್ಯೂರೋದ ಮುದ್ರೆ ಪಡೆಯಿತು. ಬಹುಕಾಲ ಆ ಮುದ್ರೆಯಿದ್ದ ಘಟಕ ದೇಶದಲ್ಲಿ ಅದೊಂದೇ.

ಬಯಲಲ್ಲಿ ಗಾಳಿ, ಬಿಸಿಲು, ಮಳೆಗೆ ಒಡ್ಡಿಕೊಂಡು ನಿಲ್ಲಬೇಕಾದ ಬಟ್ಟೆ ಧ್ವಜದ್ದು. ಮೈಮೇಲೆ ಹಾಕುವ ಬಟ್ಟೆಯ ಹದ ಇದಕ್ಕೆ ಸಾಲದು. ಹಂಜಿ ಬರುವುದು ಚಿತ್ರದುರ್ಗದಲ್ಲಿರುವ ಆಯೋಗದ ಹಂಜಿ ಘಟಕದಿಂದ. ನೂತ ನೂಲು ತುಳಸಿಗೇರಿಯ ಮಗ್ಗ ಸೇರುತ್ತದೆ. ಧ್ವಜದ ಮೈಗೆ ಒಂದು ಬಗೆಯ ನೇಯ್ಗೆ, ಕಂಬದ ಕಡೆಯ ಪಟ್ಟಿಗೆ ಮೂರು ಎಳೆ ಹೆಣೆದ ಇನ್ನೊಂದು ಗಟ್ಟಿ ನೇಯ್ಗೆ. ಥಾನು ಬೆಂಗೇರಿಗೆ ಹೋಗಿ, ಮೂರು ಪಾಲಾಗಿ, ಒಂದು ಕೇಸರಿ ಬಣ್ಣದಲ್ಲಿ ಅದ್ದಿ, ಒಂದು ಹಸಿರಿನಲ್ಲಿ ಅದ್ದಿ, ಒಂದು ಬಿಳಿಯಾಗಿ ಸಿದ್ಧವಾಗುತ್ತದೆ. ಬಿಳಿಯ ತುಂಡಿನ ಎರಡೂ ಮೈಗೆ 24 ಗೆರೆಗಳ ಚಕ್ರ ಅಚ್ಚಾಗಬೇಕು; ಬೆಳಕಿಗೆ ಹಿಡಿದಾಗ ಈಚಿನ ಗೆರೆಯ ಮೇಲೆ ಆಚಿನ ಗೆರೆ ಕೂದಲೆಳೆಯಷ್ಟೂ ಸರಿಯದೆ ಕೂತಿರಬೇಕು. ಕೂರದಿದ್ದರೆ ಅದು ಧ್ವಜವಲ್ಲ, ಬದಿಗಿಡುತ್ತಾರೆ. ಕೊನೆಗೆ ಹೊಲಿಗೆ, ಹಗ್ಗ, ಹಗ್ಗದ ತುದಿಗೆ ಕಟ್ಟಿಗೆಯ ಗೂಟ. ಮೇಜಿನ ಮೇಲಿಡುವ 150×100 ಮಿಲಿಮೀಟರಿನದರಿಂದ ಹಿಡಿದು 6,300×4,200 ಮಿಲಿಮೀಟರಿನದರವರೆಗೆ ಒಂಬತ್ತು ಅಳತೆ. ಎಲ್ಲದರಲ್ಲೂ ಉದ್ದಕ್ಕೂ ಅಗಲಕ್ಕೂ 3:2. ಈ ಕೆಲಸದಲ್ಲಿ ತೊಡಗಿದವರಲ್ಲಿ ಹೆಚ್ಚಿನವರು ಹೆಂಗಸರು.

2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ಮುಂದಿನ ಆಗಸ್ಟಿನಲ್ಲಿ ‘ಹರ್ ಘರ್ ತಿರಂಗಾ’ ಅಭಿಯಾನ. ದೇಶದ ಸುಮಾರು ಒಂದೂವರೆ ಲಕ್ಷ ಅಂಚೆ ಕಚೇರಿಗಳು 25 ರೂಪಾಯಿಗೊಂದು ಧ್ವಜ ಮಾರಿದವು. ಹತ್ತೇ ದಿನದಲ್ಲಿ ಒಂದು ಕೋಟಿ ದಾಟಿತೆಂದು ಅಂಚೆ ಇಲಾಖೆ ಹೇಳಿತು. ಮನೆಮನೆಗೂ ಕೈಮಗ್ಗದ ಧ್ವಜ ಒದಗಿಸುವುದು ತುಳಸಿಗೇರಿಯ ಅಳವಿನ ಕೆಲಸವಾಗಿರಲಿಲ್ಲ, ಅದನ್ನು ಒಪ್ಪಬೇಕು. ಹಳೆಯ ನಿಯಮವೂ ಗಿರಾಕಿಯ ಪ್ರೀತಿಯಿಂದ ಹುಟ್ಟಿದ್ದಲ್ಲ. ಆದರೂ ಖಾದಿಗೆ ಉಳಿದಿದ್ದ ಒಂದೇ ಒಂದು ಖಾತ್ರಿ ವ್ಯಾಪಾರದ ಪಕ್ಕದಲ್ಲಿ, ದೇಶದ ಅತಿ ದೊಡ್ಡ ಅಂಗಡಿ ಜಾಲ ಎನ್ನಬಹುದಾದ ಅಂಚೆಯನ್ನೇ ತಂದು ಕೂರಿಸಿದಂತಾಯಿತು. ಬೆಂಗೇರಿಯಲ್ಲಿ ಆ ತಿದ್ದುಪಡಿಯ ವಿರುದ್ಧ ಪ್ರತಿಭಟನೆ ನಡೆಯಿತು.

ಕೂಲಿ ಈಚೆಗೆ ಏರಿದೆ. ನೂಲಿನ ಅಳತೆ ಲಡಿ, ಒಂದು ಲಡಿಗೆ 1,000 ಮೀಟರ್. ಲಡಿಗೆ 10 ರೂಪಾಯಿ ಇದ್ದದ್ದು 2024ರ ಗಾಂಧಿ ಜಯಂತಿಯಿಂದ 12 ರೂಪಾಯಿ 50 ಪೈಸೆ, 2025ರ ಏಪ್ರಿಲ್‌ನಿಂದ 15 ರೂಪಾಯಿ. ಒಂದು ಕಿಲೋಮೀಟರ್ ದಾರ, ಕಡಿದಲ್ಲೆಲ್ಲ ಗಂಟು ಹಾಕಿ ಮುಗಿಸಿದರೆ, ಪೇಟೆಯಲ್ಲಿ ಒಂದು ಚಹಾ ಕುಡಿದು ಸ್ವಲ್ಪ ಚಿಲ್ಲರೆ ಉಳಿಸಿಕೊಳ್ಳುವಷ್ಟು. ಕೂಲಿ ಏರಿದರೂ ಧ್ವಜದ ಬೇಡಿಕೆ ಜನವರಿಗೂ ಆಗಸ್ಟಿಗೂ ಕಟ್ಟುಬಿದ್ದದ್ದು. ಭಂಡಾರದ ಬಟ್ಟೆಯ ವ್ಯಾಪಾರ ಇಂದಿಗೂ ಅಕ್ಟೋಬರಿನದು.